ಹೋಂಡಾ ಸಿಬಿ 350, ಯಮಹಾ ಆರ್‌ಡಿ 350: ಎರಡು ಅವಳಿ ಸಿಲಿಂಡರ್ ಬೈಕುಗಳು

ಎಂಬತ್ತರ ದಶಕದಲ್ಲಿ ಕಾಲೇಜು ಓದಿದವರಿಗೆ ರಾಜ್‌ದೂತ್ 350 ಬೈಕಿನ ಸದ್ದು ಇನ್ನೂ ನೆನಪಿರಬಹುದು. ಅದರ ಮೂಲ ಜಪಾನಿನ ಯಮಹಾ ಆರ್‌ಡಿ 350. ಅದಕ್ಕೆ ಸಮನಾದ ದರ್ಜೆಯ ಇನ್ನೊಂದು ಜಪಾನಿ ಬೈಕ್ ಹೋಂಡಾ ಸಿಬಿ 350. ಎರಡರಲ್ಲೂ ಅಕ್ಕಪಕ್ಕ ಕೂತ ಎರಡು ಸಿಲಿಂಡರ್, ಗಾಳಿಯಿಂದ ತಣಿಯುವ ಇಂಜಿನ್. ಆದರೆ ಹೋಂಡಾ ಫೋರ್ ಸ್ಟ್ರೋಕ್, ಯಮಹಾ ಟೂ ಸ್ಟ್ರೋಕ್. ಅವುಗಳ ಗುಣವನ್ನೂ ಭವಿಷ್ಯವನ್ನೂ ನಿರ್ಧರಿಸಿದ್ದು ಈ ಒಂದು ವ್ಯತ್ಯಾಸ.

ಹೋಂಡಾ ಸಿಬಿ 350

1968ರಲ್ಲಿ ಬಂದ ಈ ಬೈಕಿಗೆ ಹೆಸರು 350 ಆದರೂ ಇಂಜಿನ್ ಗಾತ್ರ ಸುಮಾರು 325 ಸಿಸಿ. ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಸಿಲಿಂಡರಿನ ಮೇಲೆಯೇ ಇದ್ದು, ಚೈನಿನಿಂದ ತಿರುಗುತ್ತದೆ. ಕಂಪೆನಿ ಹೇಳಿದ ಶಕ್ತಿ 36 ಅಶ್ವಶಕ್ತಿ, ಅದೂ ನಿಮಿಷಕ್ಕೆ 10,500 ಸುತ್ತಿನಲ್ಲಿ. ಐದು ಗೇರ್, ಗುಂಡಿ ಒತ್ತಿದರೆ ಸ್ಟಾರ್ಟ್. ಅಮೆರಿಕದಲ್ಲಿ ಹೋಂಡಾದ ಅತಿ ಹೆಚ್ಚು ಮಾರಾಟವಾದ ಬೈಕುಗಳಲ್ಲಿ ಇದೂ ಒಂದು.

ಯಮಹಾ ಆರ್‌ಡಿ 350

1973ರಲ್ಲಿ ಬಂದ ಇದರ ಗಾತ್ರ 347 ಸಿಸಿ. ಕ್ಯಾಮ್, ಚೈನುಗಳ ಗೊಡವೆಯಿಲ್ಲ. ಗಾಳಿ ಮತ್ತು ಪೆಟ್ರೋಲ್ ಒಳಬರುವ ದಾರಿಯಲ್ಲಿ ತೆಳು ಪಟ್ಟಿಗಳ ರೀಡ್ ವಾಲ್ವ್ ಇದೆ. ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೊಮ್ಮೆ ಪೆಟ್ರೋಲ್ ಉರಿದರೆ, ಇಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ಹಾಗಾಗಿ 7,500 ಸುತ್ತಿನಲ್ಲೇ 39 ಅಶ್ವಶಕ್ತಿ. ಆರು ಗೇರ್, ಮುಂದೆ ಡಿಸ್ಕ್ ಬ್ರೇಕ್. ಸ್ಟಾರ್ಟ್ ಮಾಡಲು ಮಾತ್ರ ಕಿಕ್ಕರೇ ಗತಿ. ಪ್ರತ್ಯೇಕ ಟ್ಯಾಂಕಿನ ಆಯಿಲನ್ನು ಪಂಪ್ ಇಂಜಿನ್ನಿಗೆ ಉಣಿಸುತ್ತದೆ. ಆ ಆಯಿಲ್ ಪೆಟ್ರೋಲಿನ ಜತೆ ಉರಿದು ಹೊಗೆಯಾಗುತ್ತದೆ.

ಸೋತದ್ದು ಎಲ್ಲಿ?

ವೇಗದಲ್ಲಿ ಯಮಹಾ ಮುಂದು. ಅದನ್ನು ಹಿಂದಕ್ಕೆ ಹಾಕಿದ್ದು ಹೊಗೆ ಮತ್ತು ಪೆಟ್ರೋಲ್ ಖರ್ಚು. ಅಮೆರಿಕದಲ್ಲಿ 1978ರ ಮಾಡೆಲುಗಳಿಂದ ಬೈಕುಗಳಿಗೂ ಹೊಗೆ ನಿಯಮ ಬಂತು. ಆರ್‌ಡಿ 350ರ ಉತ್ತರಾಧಿಕಾರಿ ಆರ್‌ಡಿ 400 ಅಲ್ಲಿ 1979ರ ಮಾಡೆಲಿಗೆ ಮುಗಿಯಿತು.

ಭಾರತದಲ್ಲಿ ಎಸ್ಕಾರ್ಟ್ಸ್ ಕಂಪೆನಿ 1983ರಿಂದ ಇದನ್ನು ರಾಜ್‌ದೂತ್ 350 ಎಂದು ತಯಾರಿಸಿತು. ಮೈಲೇಜಿಗಾಗಿ ಶಕ್ತಿಯನ್ನು ಸುಮಾರು 30ಕ್ಕೆ ಇಳಿಸಿತು. ಡಿಸ್ಕ್ ಬದಲು ಡ್ರಮ್ ಬ್ರೇಕ್ ಹಾಕಿತು. ಆದರೂ ಪೆಟ್ರೋಲ್ ಲೆಕ್ಕ ಹಾಕುವ ಗ್ರಾಹಕ ಒಪ್ಪಲಿಲ್ಲ. 1985ರಲ್ಲಿ ಬಂದ ಫೋರ್ ಸ್ಟ್ರೋಕ್ ಹೀರೋ ಹೋಂಡಾ ಸಿಡಿ 100 ಮನೆಮನೆಗೆ ಹೋಯಿತು. ರಾಜ್‌ದೂತ್ 350 ದಶಕ ಕಳೆಯುವಷ್ಟರಲ್ಲಿ ಮರೆಗೆ ಸರಿಯಿತು.

ಹಳೆಯದನ್ನು ಕೊಳ್ಳುವವರಿಗೆ

ಯಮಹಾ ಅಥವಾ ರಾಜ್‌ದೂತ್ ಆದರೆ ಮೊದಲು ಆಯಿಲ್ ಪಂಪ್ ಕೆಲಸ ಮಾಡುತ್ತಿದೆಯೇ ನೋಡಬೇಕು. ಆಯಿಲ್ ನಿಂತರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕ್ರ್ಯಾಂಕ್ ಸೀಲ್ ಸವೆದಿದ್ದರೆ ಗೇರ್ ಬಾಕ್ಸಿನ ಆಯಿಲೂ ಹೊಗೆಯಾಗಿ ಹೋಗುತ್ತದೆ. ಹೋಂಡಾದಲ್ಲಿ ಕ್ಯಾಮ್ ಚೈನಿನ ಸದ್ದು ಕೇಳಿ; ಆಯಿಲ್ ಬದಲಿಸದೆ ಓಡಿಸಿದ ಬೈಕಿನಲ್ಲಿ ಕ್ಯಾಮ್ ಸವೆದಿರುತ್ತದೆ.

ಇನ್ನೊಂದು ಎಚ್ಚರಿಕೆ. 2020ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಹೋಂಡಾ ಹೈನೆಸ್ ಸಿಬಿ 350ಕ್ಕೆ ಒಂದೇ ಸಿಲಿಂಡರ್. ಹೆಸರು ಒಂದೇ ಆದರೂ ಹಳೆಯ ಬೈಕಿನ ಬಿಡಿಭಾಗ ಅದರಲ್ಲಿ ಸಿಗದು.