ಹೋರಿಯ ಪಾಲು: ವೀರ್ಯಾಣು ಪ್ರೋಟೀನ್ ಅಧ್ಯಯನದ ಹಾದಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಕೊಟ್ಟಿಗೆಗಳಲ್ಲಿ ಈಗ ಹೋರಿ ಅಪರೂಪ. ಆಕಳು ಬೆದೆಗೆ ಬಂದರೆ ಪಶು ಆಸ್ಪತ್ರೆಗೆ ಫೋನ್ ಹೋಗುತ್ತದೆ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟ ಸ್ಟ್ರಾ ಬರುತ್ತದೆ. ಕಾಲು ಮಿಲಿಲೀಟರಿನ ಆ ನಳಿಕೆಯಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳು. ಕರಗಿಸಿದ ಮೇಲೆ ಅರ್ಧದಷ್ಟಾದರೂ ಈಜಬೇಕೆಂಬುದು ನಿಯಮ. ಇಷ್ಟೆಲ್ಲ ಸರಿಯಿದ್ದೂ ಒಂದು ಹೋರಿಯ ಸ್ಟ್ರಾದಿಂದ ಗಬ್ಬ ನಿಲ್ಲುತ್ತದೆ, ಇನ್ನೊಂದರದ್ದರಿಂದ ನಿಲ್ಲುವುದಿಲ್ಲ. ದೋಷವೆಲ್ಲ ಆಕಳಿನ ತಲೆಗೆ ಬರುತ್ತದೆ. ಅದು ಅನ್ಯಾಯ. ಹೋರಿಯ ಪಾಲನ್ನು ಅಳೆಯಲು ಸೂಕ್ಷ್ಮದರ್ಶಕವೊಂದೇ ಸಾಲದು, ವೀರ್ಯಾಣುವಿನ ಪ್ರೋಟೀನ್‌ಗಳನ್ನೂ ಓದಬೇಕು.

ಈ ಓದು ಶುರುವಾಗಿದ್ದು 1874ರಲ್ಲಿ. ಬಾಸೆಲ್‌ನ ಫ್ರೀಡ್ರಿಕ್ ಮೀಷರ್ ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯದಿಂದ ಪ್ರೋಟಮಿನ್ ಬೇರ್ಪಡಿಸಿದ. ವೀರ್ಯಾಣುವಿನ ಡಿಎನ್ಎಯನ್ನು ಬಿಗಿಯಾಗಿ ಸುತ್ತಿಡುವ ಪ್ರೋಟೀನ್ ಅದು. ಸಸ್ತನಿಗಳಲ್ಲಿ ಮೊದಲಿದ್ದ ಹಿಸ್ಟೋನ್ ಪ್ರೋಟೀನ್ ಹೋಗಿ ಪ್ರೋಟಮಿನ್ ಬರುವ ನಡುವಿನ ಹಂತದ ಪ್ರೋಟೀನ್‌ಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಆರ್.ಎಸ್. ರಾವ್ ಅವರ ತಂಡ ಇಲಿಗಳಲ್ಲಿ ವರ್ಷಗಟ್ಟಲೆ ಅಭ್ಯಸಿಸಿತು. ಹೀಗೆ ಬಿಗಿದ ಮೇಲೆ ಜೀನ್‌ಗಳ ಕೆಲಸ ನಿಲ್ಲುತ್ತದೆ. ಬಲಿತ ವೀರ್ಯಾಣು ಹೊಸ ಪ್ರೋಟೀನನ್ನು ಹೆಚ್ಚುಕಡಿಮೆ ತಯಾರಿಸಲಾರದು, ಕಟ್ಟಿಕೊಂಡ ಬುತ್ತಿಯಲ್ಲೇ ದಾರಿ ಸವೆಸಬೇಕು. ಜೀನ್ ಪರೀಕ್ಷೆಯೊಂದರಿಂದಲೇ ಅದರ ಸ್ಥಿತಿ ತಿಳಿಯದಿರುವುದು ಇದಕ್ಕೇ.

ವೀರ್ಯದ್ರವದಿಂದಲೂ ವೀರ್ಯಾಣುವಿಗೆ ಪ್ರೋಟೀನ್ ಅಂಟುತ್ತದೆ. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಇದು. 1939ರಲ್ಲಿ ಸಂಪತ್ ಕುಮಾರನ್ ಮೈಸೂರು ಅರಮನೆಯ ಹೈನುಶಾಲೆಯಲ್ಲಿ ದೇಶದ ಮೊದಲ ಕೃತಕ ಗರ್ಭಧಾರಣೆ ನಡೆಸಿದರು. ಮೊಟ್ಟೆಯ ಹಳದಿ ಬೆರೆಸಿದರೆ ಹೋರಿಯ ವೀರ್ಯ ಬೇಗ ಕೆಡದೆಂದು ಅಮೆರಿಕದ ಫಿಲಿಪ್ಸ್ ಬರೆದದ್ದೂ ಅದೇ ವರ್ಷ. ಕೆಡದಿರುವುದು ಏಕೆಂದು ತಿಳಿಯಲು ಅರವತ್ತು ವರ್ಷ ಹಿಡಿಯಿತು. 1980ರ ದಶಕದಲ್ಲಿ ಮಾಂಟ್ರಿಯಲ್‌ನಲ್ಲಿ ಪುಟ್ಟಸ್ವಾಮಿ ಮಂಜುನಾಥ್ ಹೋರಿಯ ವೀರ್ಯದ್ರವದ ಬಿಎಸ್‌ಪಿ ಎಂಬ ಪ್ರೋಟೀನ್‌ಗಳನ್ನು ಶುದ್ಧೀಕರಿಸಿದ್ದರು. ಅವು ವೀರ್ಯಾಣುವಿನ ಪೊರೆಗೆ ಅಂಟಿ ಕೊಲೆಸ್ಟ್ರಾಲ್ ಹೊರಗೆಳೆಯುತ್ತವೆ. ಫಲೀಕರಣಕ್ಕೆ ಸಜ್ಜಾಗಲು ಅಷ್ಟು ಬೇಕು, ಆದರೆ ಶೇಖರಣೆಯಲ್ಲೂ ಅದೇ ಮುಂದುವರಿದರೆ ಪೊರೆ ಹಾಳಾಗುತ್ತದೆ. ಹಳದಿಯಲ್ಲಿರುವ ಕೊಬ್ಬು-ಪ್ರೋಟೀನ್ ಕಣಗಳು ಬಿಎಸ್‌ಪಿಯನ್ನು ಹಿಡಿದಿಟ್ಟು ಪೊರೆಯನ್ನು ಕಾಯುತ್ತವೆ ಎಂದು ಅವರ ತಂಡವೇ ಮುಂದೆ ತೋರಿಸಿತು.

ಈ ನಡುವೆ ಪ್ರೋಟೀನ್‌ಗಳನ್ನು ಬಿಡಿಸಿ ಗುರುತಿಸುವ ಉಪಕರಣಗಳು ಓಟ ಹೆಚ್ಚಿಸಿದವು. 1975ರಲ್ಲಿ ಎರಡು ಆಯಾಮದ ಜೆಲ್ ಬಂತು, ನಂತರ ದ್ರವ್ಯರಾಶಿ ರೋಹಿತಮಾಪಕ. ಅಂಡಕ್ಕೆ ಬೆಸೆಯಲು ಬೇಕಾದ ಇಝುಮೊ ಪ್ರೋಟೀನ್ 2005ರಲ್ಲಿ ಜಪಾನಿನಲ್ಲಿ, ಅಂಡದ ಮೇಲಿನ ಅದರ ಜೋಡಿ ಜುನೊ 2014ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದವು. ಅದೇ 2014ರಲ್ಲಿ ಮಾನವ ವೀರ್ಯಾಣುವಿನ ಪ್ರೋಟೀನ್ ಪಟ್ಟಿ 6,198ಕ್ಕೆ ಮುಟ್ಟಿತ್ತು.

ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರದಲ್ಲಿ, ಚೆನ್ನಾಗಿ ಗಬ್ಬ ನಿಲ್ಲಿಸುವ ಮತ್ತು ನಿಲ್ಲಿಸದ ಹೋರಿ, ಕೋಣಗಳ ವೀರ್ಯಾಣು ಪ್ರೋಟೀನ್‌ಗಳನ್ನು ಹೋಲಿಸುವ ಕೆಲಸ ನಡೆದಿದೆ. ಇದು ನಮ್ಮ ಮಲೆನಾಡು ಗಿಡ್ಡದತ್ತಲೂ ಹೊರಳಬೇಕು. ಮಳೆ, ಬೆಟ್ಟಕ್ಕೆ ಒಗ್ಗಿದ ಈ ತಳಿಗೆ ಒಳ್ಳೆಯ ಹೋರಿಗಳನ್ನು ಆರಿಸುವುದು ತುರ್ತಿನ ಕೆಲಸ.

ಯಾವ ಹೋರಿ ಒಳ್ಳೆಯದೆಂಬುದು ಕೊಟ್ಟಿಗೆಯ ಲೆಕ್ಕವಿಲ್ಲದೆ ಪ್ರಯೋಗಾಲಯಕ್ಕೆ ಗೊತ್ತಾಗದು. ಪ್ರತಿ ಸ್ಟ್ರಾದ ಮೇಲೂ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಡಾಕ್ಟರರನ್ನು ಕೇಳಿ ಅದನ್ನು ಬರೆದಿಡಿ, ಗಬ್ಬ ನಿಂತಿತೋ ಇಲ್ಲವೋ ಅದನ್ನೂ ಪಕ್ಕದಲ್ಲೇ ಬರೆಯಿರಿ. ಗಿಡ್ಡ ಹೋರಿಕರು ಹುಟ್ಟಿದರೆ, ಬೀಜ ಒಡೆಸುವ ಮೊದಲು ಒಮ್ಮೆ ಪಶು ಆಸ್ಪತ್ರೆಗೆ ತಿಳಿಸಿ.