ದೋಷವನ್ನು ಗುಣವಾಗಿಸಿದ ಮಸೂರ

ಹೂವಿನಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿ, ತುಂಗಭದ್ರೆಯ ದಡದ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರನ್ನು ಕಣ್ತುಂಬ ನೋಡಬೇಕೆಂದರೆ ಕತ್ತನ್ನು ಹಿಂದಕ್ಕೆ ಬಾಗಿಸಲೇಬೇಕು. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿ ಅವರನ್ನು ಕಂಬಗಳ ಮೇಲ್ತುದಿಗೆ ನಿಲ್ಲಿಸಿದ್ದಾನೆ. ಕಂಬದ ಬುಡದಲ್ಲಿ ನಿಂತು ಸಾಧಾರಣ ಕ್ಯಾಮೆರಾದಿಂದ ಚಿತ್ರ ತೆಗೆದರೆ ಗಲ್ಲ ಹಿರಿದಾಗಿ, ಹಣೆ ಕಿರಿದಾಗಿ, ಶಿಲ್ಪಿ ಕಾಣದೆಯೇ ಇದ್ದ ಒಂದು ಮುಖ ಬರುತ್ತದೆ. ಹತ್ತು ಹೆಜ್ಜೆ ಹಿಂದಕ್ಕೆ ಸರಿದು, ದೂರದ್ದನ್ನು ಹತ್ತಿರಕ್ಕೆ ಎಳೆಯುವ ಮಸೂರವನ್ನು ಹೂಡಿದಾಗ ಮಾತ್ರ ಆ ಮುಖ ತನ್ನ ಪ್ರಮಾಣವನ್ನು ಮರಳಿ ಪಡೆಯುತ್ತದೆ. ಇದಕ್ಕೆ ಟೆಲಿಫೋಟೊ ಮಸೂರವೆಂದು ಹೆಸರು.

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳಂಥ ಊರುಗಳಲ್ಲಿ ಛಾಯಾಗ್ರಹಣವನ್ನು ಹವ್ಯಾಸವಾಗಿ ಹಿಡಿದವನು ಐದಾರು ಮಸೂರಗಳನ್ನು ಕೊಳ್ಳಲಾರ. ಒಂದನ್ನು ಕೊಂಡರೆ ಅದು ಗುಡಿಗೂ ಸಲ್ಲಬೇಕು, ಮನೆಗೂ ಸಲ್ಲಬೇಕು. ಕಲ್ಲಿನ ಮುಖಕ್ಕೂ ಆಗಬೇಕು, ಅಜ್ಜಿಯ ಮುಖಕ್ಕೂ ಆಗಬೇಕು. ಇಲ್ಲಿಯೇ ತೊಡಕು. ಕಲ್ಲಿಗೆ ಬೇಕಾದುದು ನಿಷ್ಠುರವಾದ ಸ್ಪಷ್ಟತೆ. ಮುಖವಾದರೋ ಕೆಲವೊಮ್ಮೆ ಸ್ವಲ್ಪ ದಾಕ್ಷಿಣ್ಯವನ್ನು ಬೇಡುತ್ತದೆ. ಈ ಎರಡೂ ಬಯಕೆಗಳನ್ನು ಒಂದೇ ಕೊಳವೆಯೊಳಗೆ ಕೂಡಿಸಲು ಯತ್ನಿಸಿದ ಮಸೂರಗಳಿಗೆ ಒಂದು ಇತಿಹಾಸವಿದೆ.

ಮೊದಲು ಮೃದುಚಿತ್ರ ಎಂದರೇನೆಂಬುದನ್ನು ತಿಳಿದುಕೊಳ್ಳಬೇಕು. ಸಾಫ್ಟ್ ಫೋಕಸ್ ಎಂಬುದು ಮಸುಕಾದ ಚಿತ್ರವಲ್ಲ. ಗೋಲಾಕಾರದ ಗಾಜಿನ ಅಂಚಿನಿಂದ ಹಾಯುವ ಬೆಳಕು ಒಂದೆಡೆ ಕೂಡುತ್ತದೆ, ನಡುವಿನಿಂದ ಹಾಯುವ ಬೆಳಕು ಇನ್ನೊಂದೆಡೆ ಕೂಡುತ್ತದೆ. ವಿಜ್ಞಾನಿಗಳು ಇದನ್ನು ಗೋಲೀಯ ವಿಪಥನವೆಂದು ಕರೆದು ದೋಷಗಳ ಪಟ್ಟಿಗೆ ಸೇರಿಸಿದರು. ಈ ದೋಷವನ್ನು ಅಳತೆಯರಿತು ಉಳಿಸಿಕೊಂಡರೆ, ಗೆರೆ ತನ್ನ ಜಾಗದಲ್ಲಿ ಖಚಿತವಾಗಿಯೇ ಇದ್ದು ಅದರ ಸುತ್ತ ಬೆಳಕಿನ ತೆಳುವಾದ ಪರಿವೇಷವೊಂದು ಹರಡುತ್ತದೆ. ಕಾರ್ತಿಕದ ಮಂಜಿನಲ್ಲಿ ದೀಪದ ಕುಡಿಯ ಸುತ್ತ ಕಾಣುವಂಥದು. ಕುಡಿ ಕುಡಿಯಾಗಿಯೇ ಇರುತ್ತದೆ. ಕಾವ್ಯದೋಷಗಳು ಸಂದರ್ಭವಿಶೇಷದಲ್ಲಿ ಗುಣಗಳಾಗುವುದನ್ನು ನಮ್ಮ ಆಲಂಕಾರಿಕರು ಬಹು ಹಿಂದೆಯೇ ಚರ್ಚಿಸಿದ್ದರು. ಗಾಜಿನವರಿಗೆ ಅದು ಹೊಳೆಯಲು ಹತ್ತೊಂಬತ್ತನೆಯ ಶತಮಾನ ಬರಬೇಕಾಯಿತು.

ಹೊಳೆದದ್ದು ಅನಾಯಾಸವಾಗಿಯೇನೂ ಅಲ್ಲ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಎಂಬಾಕೆ ನಲವತ್ತೆಂಟನೆಯ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದು, ಇಂಗ್ಲೆಂಡಿನ ಕವಿಗಳ, ಪಂಡಿತರ ಮುಖಗಳನ್ನು ಮೃದುವಾಗಿ ಚಿತ್ರಿಸಿದಾಗ, ಈಕೆಗೆ ಮಸೂರವನ್ನು ಹೊಂದಿಸಲು ಬಾರದೆಂದು ಅಲ್ಲಿಯ ಛಾಯಾಗ್ರಾಹಕರು ಆಡಿಕೊಂಡರು. ಆದರೆ ಮಸೂರ ಮಾಡುವವರು ಸುಮ್ಮನಿರಲಿಲ್ಲ. ಲಂಡನ್ನಿನ ಡಾಲ್‌ಮೇಯರ್ 1866ರಲ್ಲಿ ಹೊರತಂದ ಭಾವಚಿತ್ರದ ಮಸೂರದಲ್ಲಿ, ಹಿಂಬದಿಯ ಗಾಜನ್ನು ತಿರುಗಿಸಿ ಸಡಿಲಿಸಿದಷ್ಟೂ ಚಿತ್ರ ಮೃದುವಾಗುತ್ತಿತ್ತು. ಬೇಕೆಂದಾಗ ದೋಷ, ಬೇಡವೆಂದಾಗ ನಿರ್ದೋಷ! 1891ರಲ್ಲಿ ಟೆಲಿಫೋಟೊ ರಚನೆ ಇಂಗ್ಲೆಂಡ್, ಜರ್ಮನಿಗಳಲ್ಲಿ ಬೇರೆಬೇರೆಯಾಗಿ ರೂಪುಗೊಂಡಿತು. ಅದರ ಬೆನ್ನಿಗೇ, ಅದೇ ದಶಕದಲ್ಲಿ, ಬರ್ಗ್‌ಹೈಮ್ ಎಂಬ ಚಿತ್ರಕಾರನ ಅಪೇಕ್ಷೆಯಂತೆ ಡಾಲ್‌ಮೇಯರ್ ಸಂಸ್ಥೆ ಟೆಲಿಫೋಟೊ ರಚನೆಯದೇ ಆದ ಮೃದುಮಸೂರವೊಂದನ್ನು ಮಾಡಿತು. ಕೇಳಿದವನು ಚಿತ್ರಕಾರನೆಂಬುದು ಗಮನಾರ್ಹ.

ಇನ್ನು ನಮ್ಮ ನೆಲದ ಮಾತು. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪೆಯ ಅವಶೇಷಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಇಳಿಸಿದ. ಕಾಗದದ ನಾರು ಗೆರೆಗಳ ಮೊನಚನ್ನು ತುಸು ತಗ್ಗಿಸುತ್ತದೆ, ನಿಜ. ಆದರೂ ಆತ ಕಲ್ಲನ್ನು ಕಲ್ಲಾಗಿಯೇ ಕಂಡವನು. ಆ ಚಿತ್ರಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಇಂದು ಅದಿಲ್ಲ, ಆಮೇಲೆ ತೆಗೆದುಹಾಕಿದರು. ಐವತ್ತು ರೂಪಾಯಿಯ ನೋಟಿನ ಮೇಲೆ ನಾವು ನೋಡುವ ಬೋಳು ರಥವೇ ಮೂಲವೆಂದು ನಂಬಿಕೊಂಡಿರುವವರಿಗೆ ಆ ಚಿತ್ರವೇ ಉತ್ತರ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ಕ್ಯಾಮೆರಾ ನಿಲ್ಲಿಸಿ ಮತ್ತೆ ಚಿತ್ರ ತೆಗೆದುದರಿಂದ ಎರಡು ಕಾಲಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು. ಗ್ರೀನ್‌ಲಾ ಸೊಬಗಿಗಾಗಿ ಮಂಜು ಕವಿಸಿದ್ದರೆ ಆ ಇಟ್ಟಿಗೆಗಳನ್ನು ಯಾರು ಎಣಿಸುತ್ತಿದ್ದರು? ಅಲೆಕ್ಸಾಂಡರ್ ರೀ 1896ರಲ್ಲಿ ಪ್ರಕಟಿಸಿದ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥವನ್ನು ಕುರಿತೂ ಇದೇ ಮಾತು. ಅಂದಿನ ಬಳ್ಳಾರಿ ಜಿಲ್ಲೆಯ ಈ ಪಡುವಣ ತಾಲ್ಲೂಕುಗಳ ಗುಡಿಗಳು ಅದರಲ್ಲಿ ದಾಖಲಾದ ಬಗೆ ಒಣಗಣಕ್ಕಿನದು; ಆದುದರಿಂದಲೇ ಬೆಲೆಯುಳ್ಳದ್ದು.

ಶಾಸನಗಳ ವಿಷಯದಲ್ಲಂತೂ ರಾಜಿಯೇ ಇಲ್ಲ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ ತೈಲಪನ ಕಾಲದ, 987ನೆಯ ಇಸವಿಯ ಶಾಸನವಿದೆ. ನಮ್ಮ ಲಿಪಿಯಲ್ಲಿ ಪಕಾರ ವಕಾರಗಳ ಅಂತರವೆಷ್ಟು? ಬಾಯಿ ತೆರೆದಿದೆಯೋ ಮುಚ್ಚಿದೆಯೋ ಎಂಬಷ್ಟೇ. ಒಂದು ಗೆರೆಯ ಸುತ್ತ ಪರಿವೇಷ ಹಬ್ಬಿದರೆ ದಾನಿಯ ಹೆಸರೇ ಬದಲಾದೀತು.

ಮುಖಗಳ ಕಥೆ ಬೇರೆ. ನಮ್ಮ ಕಡೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಕಟ್ಟು ಹಾಕಿ ತೂಗುಬಿಟ್ಟ ಹಿರಿಯರ ಭಾವಚಿತ್ರಗಳನ್ನು ನೋಡಿ. ಎಪ್ಪತ್ತರ ಮುದುಕರ ಹಣೆಯಲ್ಲಿಯೂ ಒಂದು ಗೆರೆಯಿಲ್ಲ. ಸ್ಟುಡಿಯೋದವರು ನೆಗೆಟಿವ್‌ನ ಮೇಲೆ ಚೂಪಾದ ಸೀಸದ ಕಡ್ಡಿಯಿಂದ ಸುಕ್ಕುಗಳನ್ನು ತುಂಬುತ್ತಿದ್ದರು. ಅದು ಸೂಕ್ಷ್ಮವಾದ ಕೈಗೆಲಸವೆಂಬುದನ್ನು ಒಪ್ಪಬೇಕು. ಆದರೆ ಅಳಿಸಿದ್ದು ಅಳಿಸಿಯೇ ಹೋಯಿತು. ಹೊಲದ ಬಿಸಿಲಲ್ಲಿ ದುಡಿದ ಮುಖದ ಮೇಲೆ ಬಿಸಿಲು ಬರೆದುದನ್ನೆಲ್ಲ ಒರೆಸಿದ ಮೇಲೆ ಮೊಮ್ಮಕ್ಕಳಿಗೆ ಉಳಿದದ್ದು ಯಾರ ಮುಖ? ಮೃದುಮಸೂರ ಅಷ್ಟು ದೂರ ಹೋಗುವುದಿಲ್ಲ. ಅದು ಸುಕ್ಕನ್ನು ತೆಗೆಯುವುದಿಲ್ಲ, ಅದರ ಮೇಲೆ ತುಸು ಬೆಳಕು ಚೆಲ್ಲುತ್ತದೆ. ಸರಿಯಾಗಿ ನೋಡಿದರೆ ಗೆರೆ ಅಲ್ಲಿಯೇ ಇರುತ್ತದೆ. ಈ ಭೇದವೇ ನನಗೆ ಮುಖ್ಯವೆನಿಸುತ್ತದೆ. ಇಂದಿನ ಕೈಫೋನುಗಳಲ್ಲಿ ಅನೇಕವು ನಮ್ಮನ್ನು ಕೇಳದೆಯೇ ಚರ್ಮವನ್ನು ನಯಗೊಳಿಸಿಬಿಡುತ್ತವೆ. ಸೀಸದ ಕಡ್ಡಿಯ ಕೆಲಸವನ್ನು ಯಂತ್ರ ಮುಂದುವರಿಸಿದೆ, ಕೈಗೆಲಸದ ಸೂಕ್ಷ್ಮವನ್ನು ಮಾತ್ರ ಕೈಬಿಟ್ಟಿದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವಂಶ ಮುಂದುವರಿಯಿತು. ಜರ್ಮನಿಯ ಲೈಟ್ಸ್ ಸಂಸ್ಥೆಯ ಥಾಂಬಾರ್, 90 ಮಿಲಿಮೀಟರಿನದು, 1935ರಲ್ಲಿ ಬಂದಿತು. 1978ರಲ್ಲಿ ಜಪಾನಿನ ಮಿನೋಲ್ಟಾದವರು 85 ಮಿಲಿಮೀಟರಿನ ವ್ಯಾರಿಸಾಫ್ಟ್ ಮಾಡಿದರು. 1987ರಲ್ಲಿ ಕ್ಯಾನನ್ ಸಂಸ್ಥೆ ಹೊರತಂದ 135 ಮಿಲಿಮೀಟರ್, ಎಫ್ 2.8ರ ಸಾಫ್ಟ್ ಫೋಕಸ್ ಮಸೂರ ನಮ್ಮ ಹವ್ಯಾಸಿಯ ಪ್ರಶ್ನೆಗೆ ಬಹುಮಟ್ಟಿಗೆ ಹೇಳಿ ಮಾಡಿಸಿದ ಉತ್ತರ. ಟೆಲಿಫೋಟೊ ರಚನೆಯ ಕಾರಣದಿಂದ ಅದರ ಉದ್ದ ನಾಭಿದೂರಕ್ಕಿಂತ ಕಡಿಮೆ, ಹತ್ತು ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ತೂಕ 390 ಗ್ರಾಂ. ಅದರ ಉಂಗುರದ ಮೇಲೆ 0, 1, 2 ಎಂಬ ಮೂರು ಅಂಕಿಗಳು. ಸೊನ್ನೆಯಲ್ಲಿ ಅದು ಸಾಮಾನ್ಯವಾದ, ಖಚಿತವಾದ ಮಸೂರ. ಒಂದರಲ್ಲಿ ಸೌಮ್ಯ. ಎರಡು ನನ್ನ ರುಚಿಗೆ ಅತಿಯಾಯಿತು. ಹಳೆಯ ಸಿನಿಮಾ ನಾಯಕಿಯರ ಕನಸಿನ ದೃಶ್ಯಕ್ಕೆ ಸರಿಹೋದೀತು. ಈ ಮೃದುತ್ವ ಕಿಂಡಿಯನ್ನು ಅಗಲವಾಗಿ ತೆರೆದಾಗ ಮಾತ್ರ ಲಭ್ಯ; ಎಫ್ 5.6ರ ಆಚೆಗೆ ಕಿರಿದಾಗಿಸಿದರೆ ಅಂಚಿನ ಬೆಳಕು ಕತ್ತರಿಸಿ ಹೋಗಿ ಪರಿವೇಷ ಬಹುಪಾಲು ಕರಗುತ್ತದೆ.

ಈಗ ಅದರ ತಯಾರಿಕೆಯಿಲ್ಲ, ಬಳಸಿದ್ದನ್ನೇ ಹುಡುಕಬೇಕು. 2021ರಲ್ಲಿ ಅದೇ ಸಂಸ್ಥೆ ಹೊಸ 100 ಮಿಲಿಮೀಟರ್ ಮಸೂರವೊಂದರಲ್ಲಿ ಇದೇ ದೋಷದ ಉಂಗುರವನ್ನು ಮರಳಿ ತಂದಿದೆ. ಬೆಲೆ ಮಾತ್ರ ಬಡ ಹವ್ಯಾಸಿಯ ಕೈಗೆಟುಕದ್ದು. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರದ ಹಕ್ಕಿಗಳ ಮೇಲೆ ಕಣ್ಣಿಟ್ಟವರು ಇವೆರಡನ್ನೂ ಬಿಟ್ಟು ಇನ್ನೂ ಉದ್ದದ್ದನ್ನೇ ನೋಡಬೇಕು.

ಹಳೆಯದನ್ನು ಕೊಳ್ಳುವವರು ಮೊದಲು ಅದನ್ನು ಬೆಳಕಿಗೆ ಹಿಡಿದು ಗಾಜಿನೊಳಗೆ ಬೂಷ್ಟು ಬಂದಿದೆಯೇ ನೋಡಲಿ. ಬೂಷ್ಟು ತರುವ ಮಸುಕು ಯಾವ ಉಂಗುರದ ಮಾತನ್ನೂ ಕೇಳುವುದಿಲ್ಲ. ಆಮೇಲೆ ಉಂಗುರವನ್ನು ಸೊನ್ನೆಗೆ ತಿರುಗಿಸಿ ಬಾಗಳಿಯ ಕಲ್ಲೇಶ್ವರ ಗುಡಿಯ ಕಡೆದ ಕಂಬವೊಂದರ ಚಿತ್ರ ತೆಗೆಯಲಿ. ಅದರ ಬಳೆಯಂಥ ಅಂಚುಗಳು ಒಂದೊಂದಾಗಿ ಬಿಡಿಸಿ ಕಾಣದಿದ್ದರೆ ಮಸೂರವನ್ನು ಹಿಂದಿರುಗಿಸುವುದೇ ಲೇಸು. ಕಂಡರೆ, ಉಂಗುರವನ್ನು ಒಂದಕ್ಕೆ ತಂದು, ಹಡಗಲಿಯ ಮಲ್ಲಿಗೆ ಮುಡಿದವರೊಬ್ಬರನ್ನು ಇಳಿಬಿಸಿಲಿಗೆ ಬೆನ್ನು ಮಾಡಿ ಕೂಡಿಸಿ ನೋಡಲಿ: ಕಪ್ಪು ತುರುಬಿನ ಮೇಲೆ ಹೂವಿನ ಬಿಳುಪು ಎಷ್ಟು ದೂರ ಹರಡುತ್ತದೆ, ಎಸಳುಗಳು ಎಸಳುಗಳಾಗಿಯೇ ಉಳಿದಿವೆಯೇ ಎಂಬುದನ್ನು.