ನೂರು ಮೈಲಿಯ ಓಟಕ್ಕೆ ಪಥ್ಯದ ಊಟ

ದೂರ ಓಡುವವರಿಗೆ ಆಧುನಿಕ ವೈದ್ಯರು ಕೊಟ್ಟ ಮೊದಮೊದಲ ಸಲಹೆಗಳಲ್ಲಿ ಒಂದು, ಮಿಠಾಯಿ ತಿನ್ನಿ ಎಂಬುದು. 1924ರ ಬಾಸ್ಟನ್ ಮ್ಯಾರಥಾನ್ ಮುಗಿಸಿದವರ ರಕ್ತ ಪರೀಕ್ಷಿಸಿದಾಗ, ತೀರಾ ಬಸವಳಿದವರಲ್ಲಿ ಸಕ್ಕರೆ ಕುಸಿದಿರುವುದು ಕಂಡಿತು. ಮರುವರ್ಷ ಓಟದ ಹಿಂದಿನ ದಿನ ಪಿಷ್ಟದ ಊಟ, ಓಡುವಾಗ ಮಿಠಾಯಿ ಕೊಟ್ಟು ನೋಡಿದರು, ಸುಸ್ತು ತಗ್ಗಿತು. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಹಲ್ಟ್‌ಮನ್ ತೊಡೆಗೆ ಸೂಜಿ ಚುಚ್ಚಿ ಸ್ನಾಯುವಿನ ಚೂರು ತೆಗೆದು, ಅದರಲ್ಲಿ ಶೇಖರವಾಗುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಅಳೆದರು. ಪಿಷ್ಟ ಹೆಚ್ಚು ತಿಂದವರು, ಬರೀ ಕೊಬ್ಬು–ಪ್ರೋಟೀನ್ ತಿಂದವರಿಗಿಂತ ಸುಮಾರು ಮೂರು ಪಟ್ಟು ಹೊತ್ತು ಸೈಕಲ್ ತುಳಿದರು. ಅಲ್ಲಿಗೆ ವಾದ ಮುಗಿಯಿತು ಎಂದೇ ಎಲ್ಲರೂ ಭಾವಿಸಿದ್ದರು.

ಅದನ್ನು ಮತ್ತೆ ತೆರೆಯಲು ಓಟ ಇನ್ನೂ ಉದ್ದವಾಗಬೇಕಾಯಿತು. 1974ರಲ್ಲಿ ಕ್ಯಾಲಿಫೋರ್ನಿಯಾದ ಗೋರ್ಡಿ ಐನ್ಸ್‌ಲಿ ನೂರು ಮೈಲಿಯ ಕುದುರೆ ಸ್ಪರ್ಧೆಯ ಬೆಟ್ಟದ ದಾರಿಯನ್ನು ಕುದುರೆಯಿಲ್ಲದೆ ಕಾಲಲ್ಲೇ ಓಡಿ 23 ಗಂಟೆ 42 ನಿಮಿಷದಲ್ಲಿ ಮುಗಿಸಿದ. ವೆಸ್ಟರ್ನ್ ಸ್ಟೇಟ್ಸ್ ಓಟ ಹುಟ್ಟಿದ್ದು ಅದರಿಂದ. ಇಂಥ ಓಟದ ಲೆಕ್ಕವೇ ಬೇರೆ. ಮೈಯಲ್ಲಿ ಶೇಖರವಾಗುವ ಗ್ಲೈಕೋಜನ್ ಹೆಚ್ಚೆಂದರೆ ಎರಡು ಸಾವಿರ ಕ್ಯಾಲೊರಿಯ ಆಸುಪಾಸು. ನೂರು ಮೈಲಿಗೆ ಖರ್ಚಾಗುವುದು ಹತ್ತು ಸಾವಿರಕ್ಕೂ ಹೆಚ್ಚು. ಉಳಿದದ್ದು ಓಡುತ್ತಾ ತಿನ್ನಬೇಕು, ಇಲ್ಲವೇ ಮೈಯ ಕೊಬ್ಬಿನಿಂದ ಬರಬೇಕು.

ಎರಡನೆಯ ದಾರಿ ಹಿಡಿದವರು ಪಿಷ್ಟವನ್ನೇ ಬಿಟ್ಟರು. 1983ರಲ್ಲಿ ಸ್ಟೀಫನ್ ಫಿನ್ನಿ ಐವರು ಸೈಕಲ್ ಪಟುಗಳಿಗೆ ನಾಲ್ಕು ವಾರ ದಿನಕ್ಕೆ 20 ಗ್ರಾಮಿಗಿಂತ ಕಡಿಮೆ ಪಿಷ್ಟ ಕೊಟ್ಟರು. ಮಧ್ಯಮ ವೇಗದಲ್ಲಿ ಅವರ ಸರಾಸರಿ ತಾಳಿಕೆ ಕುಗ್ಗಲಿಲ್ಲ. ಐದೇ ಜನರ ಈ ಪ್ರಯೋಗದ ಮೇಲೆ ಎಷ್ಟು ದೊಡ್ಡ ಕಟ್ಟಡ ಎದ್ದಿತೆಂದರೆ, ದಶಕಗಳ ಕಾಲ ಪಿಷ್ಟದ ಪರ ಬರೆದಿದ್ದ ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್ ಕೂಡ ತಮಗೆ ಮಧುಮೇಹ ಬಂದ ಮೇಲೆ ತಮ್ಮದೇ ಹಳೆಯ ಸಲಹೆಯನ್ನು ತಳ್ಳಿಹಾಕಿ ಈ ಪಾಳಯ ಸೇರಿದರು. 2016ರಲ್ಲಿ ಜೆಫ್ ವೋಲೆಕ್ ತಂಡ ಇಪ್ಪತ್ತು ಜನ ದೂರದೋಟಗಾರರನ್ನು ಪರೀಕ್ಷಿಸಿತು. ಬಹುಕಾಲದಿಂದ ಪಿಷ್ಟ ಬಿಟ್ಟವರು ನಿಮಿಷಕ್ಕೆ ಒಂದೂವರೆ ಗ್ರಾಮಿನಷ್ಟು ಕೊಬ್ಬು ಉರಿಸುತ್ತಿದ್ದರು, ಮಿಕ್ಕವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಆದರೆ ಮರುವರ್ಷವೇ ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ತಂಡ ನಡಿಗೆ ಸ್ಪರ್ಧಿಗಳಲ್ಲಿ ಇದರ ಇನ್ನೊಂದು ಮುಖ ತೋರಿಸಿತು. ಕೊಬ್ಬು ಉರಿಸಲು ಆಮ್ಲಜನಕ ಹೆಚ್ಚು ಬೇಕು. ಹಾಗಾಗಿ ಮೂರು ವಾರದ ಕಠಿಣ ತರಬೇತಿಯ ನಂತರ ಮಿಕ್ಕ ಗುಂಪುಗಳು ವೇಗ ಹೆಚ್ಚಿಸಿಕೊಂಡರೂ ಪಿಷ್ಟ ಬಿಟ್ಟವರು ಇದ್ದಲ್ಲೇ ಉಳಿದರು. ನನ್ನ ಮಟ್ಟಿಗೆ ಇಲ್ಲಿ ವಿರೋಧವೇನೂ ಇಲ್ಲ. ನಿಧಾನವಾಗಿ, ಮುಗಿಸಿದರೆ ಸಾಕು ಎಂದು ಓಡುವವನಿಗೆ ಆ ಪಥ್ಯ ಒಗ್ಗಬಹುದು. ಏರುದಾರಿಯಲ್ಲಿ ಪೈಪೋಟಿಗೆ ಬಿದ್ದವನಿಗೆ ಅದು ದುಬಾರಿ.

ಸಸ್ಯಾಹಾರದ ಕಥೆ ಬೇರೆ. ಇಲ್ಲಿ ಓಟಗಾರರು ಮುಂದೆ ಹೋದರು, ಸಂಶೋಧನೆ ಹಿಂದಿನಿಂದ ಬಂತು. ಮೆಕ್ಸಿಕೋದ ತಾರಾಹುಮಾರಾ ಜನ ಮೆಕ್ಕೆಜೋಳ, ಹುರುಳಿಕಾಯಿ ಬೀಜ, ಕುಂಬಳಕಾಯಿ ತಿಂದು ಬೆಟ್ಟ ಓಡುವವರು. 1970ರ ದಶಕದ ಅಧ್ಯಯನದಂತೆ ಅವರ ಕ್ಯಾಲೊರಿಯಲ್ಲಿ ಕೊಬ್ಬಿನ ಪಾಲು ಶೇ 12 ಮಾತ್ರ. 1993ರಲ್ಲಿ ಅವರಲ್ಲೊಬ್ಬರು, 55 ವರ್ಷದ ವಿಕ್ಟೋರಿಯಾನೊ ಚುರ್ರೊ, ಅಮೆರಿಕದ ಲೆಡ್‌ವಿಲ್ ನೂರು ಮೈಲಿಯ ಓಟ ಗೆದ್ದರು. ಹಾಲು ಬೆಣ್ಣೆಯನ್ನೂ ಬಿಟ್ಟ ಸ್ಕಾಟ್ ಜುರೆಕ್ 1999ರಿಂದ 2005ರವರೆಗೆ ಸತತ ಏಳು ಸಲ ವೆಸ್ಟರ್ನ್ ಸ್ಟೇಟ್ಸ್ ಗೆದ್ದಾಗ, ಮಾಂಸವಿಲ್ಲದೆ ಓಡಲಾದೀತೇ ಎಂಬ ಪ್ರಶ್ನೆಗೆ ಅರ್ಥ ಉಳಿಯಲಿಲ್ಲ. ಉಳಿದವು ಎರಡು ತೊಡಕು. ಬಿ12 ಸಸ್ಯಾಹಾರದಿಂದ ಸಾಕಷ್ಟು ಸಿಗುವುದಿಲ್ಲ, ಹಾಲೂ ಬಿಟ್ಟವರು ಮಾತ್ರೆ ತೆಗೆದುಕೊಳ್ಳಲೇಬೇಕು. ಇನ್ನೊಂದು, ಕಾಳು ಸೊಪ್ಪು ತಿಂದರೆ ಬೇಕಾದಷ್ಟು ಕ್ಯಾಲೊರಿ ಸೇರುವ ಮೊದಲೇ ಹೊಟ್ಟೆ ತುಂಬುತ್ತದೆ.

ಹೊಟ್ಟೆ! ಕಳೆದ ಎರಡು ದಶಕಗಳಲ್ಲಿ ವಿಷಯ ಬಂದು ನಿಂತಿರುವುದು ಅಲ್ಲೇ. ಗ್ಲೂಕೋಸ್ ಒಂದೇ ಆದರೆ ಕರುಳು ಗಂಟೆಗೆ ಸುಮಾರು 60 ಗ್ರಾಂ ಹೀರುತ್ತದೆ. ಹಣ್ಣಿನ ಸಕ್ಕರೆಯೂ ಜೊತೆಗಿದ್ದರೆ 90 ಗ್ರಾಂ ದಾಟಬಹುದು. ದೂರದೋಟದಲ್ಲಿ ಕರುಳಿಗೆ ರಕ್ತ ಕಡಿಮೆ ಹರಿಯುವುದರಿಂದ ವಾಕರಿಕೆ, ಉಬ್ಬರ, ಭೇದಿ ಮಾಮೂಲು. ಗೋಧಿ ಬಿಟ್ಟು ನೆಮ್ಮದಿ ಕಂಡವರು ಇದೇ ಕಾರಣಕ್ಕೆ ಹೆಚ್ಚಿದರು. ಆದರೆ 2015ರಲ್ಲಿ ಡೇನಾ ಲಿಸ್, ಗೋಧಿಯ ಗ್ಲುಟನ್ ಎಂಬ ಪ್ರೋಟೀನ್ ಒಗ್ಗದ ಸೀಲಿಯಾಕ್ ಕಾಯಿಲೆ ಇಲ್ಲದ 13 ಸೈಕಲ್ ಪಟುಗಳಿಗೆ ಗೊತ್ತಾಗದಂತೆ ಗ್ಲುಟನ್ ಕೊಟ್ಟು, ಬಿಡಿಸಿ ನೋಡಿದಾಗ ಹೊಟ್ಟೆಯಲ್ಲಾಗಲಿ ವೇಗದಲ್ಲಾಗಲಿ ವ್ಯತ್ಯಾಸ ಸಿಗಲಿಲ್ಲ. ಹಲವರಿಗೆ ನೆಮ್ಮದಿ ಕೊಟ್ಟದ್ದು ಗ್ಲುಟನ್ ಬಿಟ್ಟದ್ದಲ್ಲ, ಗೋಧಿಯಲ್ಲಿರುವ, ಕರುಳಿನಲ್ಲಿ ಹುದುಗುವ ಪಿಷ್ಟಗಳು ತಗ್ಗಿದ್ದು ಇರಬಹುದು. ಸೀಲಿಯಾಕ್ ಇರುವವರಿಗೆ ಮಾತ್ರ ಗೋಧಿ ಬಿಡದೆ ಗತ್ಯಂತರವಿಲ್ಲ.

ಯಾವ ಪಥ್ಯವಾದರೂ ಅಪಾಯ ಬರುವುದು ಒಟ್ಟು ಊಟ ಸಾಲದಾದಾಗ. ವ್ಯಾಯಾಮದ ಖರ್ಚು ಹೋಗಿ, ಕೊಬ್ಬು ಕಳೆದ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಕ್ಯಾಲೊರಿಗಿಂತ ಕಡಿಮೆ ಉಳಿದರೆ ಹೆಂಗಸರಲ್ಲಿ ಹಾರ್ಮೋನುಗಳ ಲಯ ತಪ್ಪುತ್ತದೆ ಎಂದು ಆ್ಯನ್ ಲೌಕ್ಸ್ 2003ರಲ್ಲಿ ತೋರಿಸಿದರು. ಇದು ಬರೀ ಹೆಂಗಸರಲ್ಲಿ ಮುಟ್ಟು ನಿಂತು ಮೂಳೆ ಸೀಳುವ ಸಮಸ್ಯೆಯಲ್ಲ, ಶಕ್ತಿಯ ಕೊರತೆ ಗಂಡಸರನ್ನೂ ಕೆಡಿಸುತ್ತದೆ ಎಂದು 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಪ್ಪಿತು. ಈ ಕ್ಷೇತ್ರದ ಬಹು ಮುಖ್ಯ ತಿರುವು ಇದೇ ಎಂದು ನನಗನಿಸುತ್ತದೆ. ಏನು ಬಿಟ್ಟೆ ಎಂಬುದಕ್ಕಿಂತ, ಬಿಟ್ಟದ್ದರ ಜಾಗ ತುಂಬಿತೇ ಎಂಬ ಪ್ರಶ್ನೆ ಮುಂದೆ ಬಂತು.

ಆದರೂ ಸಂಶೋಧಕರ ಗಮನವೆಲ್ಲ ಗೆಲ್ಲಲೆಂದು ಊಟ ಬದಲಿಸಿದವರ ಮೇಲೆ. ಕಾಯಿಲೆಗೋ ನಂಬಿಕೆಗೋ ಬಿಟ್ಟವರ ಪಾಲಿಗೆ ಸಿಕ್ಕಿದ್ದು ಕಡಿಮೆ. ರಂಜಾನ್ ಉಪವಾಸದ ಮೇಲೆ ಫುಟ್‌ಬಾಲ್ ಆಟಗಾರರಲ್ಲಿ ಸಾಕಷ್ಟು ಅಧ್ಯಯನಗಳಾಗಿವೆ. ಆದರೆ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಓಟಕ್ಕೆ ವ್ರತನಿಷ್ಠ ಜೈನರೊಬ್ಬರು ಇಳಿದರೆ? ಟ್ರೇಲ್ ಓಟಗಳಲ್ಲಿ ದಾರಿಯುದ್ದಕ್ಕೂ ಸಿಗುವ ಉಪ್ಪು ಹಚ್ಚಿದ ಬೆಂದ ಆಲೂಗಡ್ಡೆ ಅವರಿಗೆ ಸಲ್ಲದು. ಸೂರ್ಯ ಮುಳುಗಿದ ಮೇಲೆ ಊಟವೇ ಇಲ್ಲ, ಓಟವೋ ರಾತ್ರಿಯಿಡೀ. ಅಂಥವರಿಗೆ ಹಗಲಲ್ಲೇ ಮುಗಿಸಬಹುದಾದ 50 ಕಿ.ಮೀ. ಓಟವೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಸೀಲಿಯಾಕ್ ಇರುವವರಿಗೆ ನಮ್ಮ ಅಡುಗೆಮನೆ ಹೆಚ್ಚು ಉದಾರ: ಅವಲಕ್ಕಿ, ಅನ್ನ, ರಾಗಿ ಗಂಜಿ, ಬಾಳೆಹಣ್ಣು, ಬೆಲ್ಲ. ಆದರೆ ಮೊಸರನ್ನದ ಒಗ್ಗರಣೆಯ ಇಂಗಿನ ಮೇಲೆ ಕಣ್ಣಿರಲಿ. ಅಂಗಡಿಯ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ರಾಗಿಯಲ್ಲಿ ನಾರು ಹೆಚ್ಚು. ತರಬೇತಿಯ ದಿನಗಳಿಗೆ ಒಳ್ಳೆಯದು, ಓಟದ ಬೆಳಗ್ಗೆಗೆ ಅಕ್ಕಿಯೇ ಹಗುರ.

ಓಟ ನಡೆಸುವವರು ದಾರಿಯ ಆಹಾರ ತಾಣಗಳಲ್ಲಿ ಕೊಡುವ ತಿಂಡಿಯ ಪಟ್ಟಿಯನ್ನು, ಅದರಲ್ಲಿ ಏನೇನು ಬೆರೆತಿದೆ ಎಂಬುದರ ಸಮೇತ, ತಿಂಗಳು ಮೊದಲೇ ಕೊಡಲಿ. ಓಡುವವರು ಆ ಪಟ್ಟಿ ನೋಡಿ, ತಮಗೆ ಸಲ್ಲದ್ದರ ಬದಲಿಗೆ ಬೇಕಾದ ಬುತ್ತಿಯನ್ನು ವಾರವಾರದ ಉದ್ದ ಓಟಗಳಲ್ಲೇ ಹೊತ್ತು, ತಿಂದು, ಹೊಟ್ಟೆಗೆ ರೂಢಿ ಮಾಡಿಸಿಕೊಳ್ಳಲಿ.